ಬೇಸಿಗೆಯ ಪಂಕ್ತಿಗೆ ಲಕ್ಕಮ್ಮನ ಅಳತೆ

ಶರಣ ಧರ್ಮದಲ್ಲಿ ಊಟವೆಂಬುದು ಕೇವಲ ಉದರಭರಣವಲ್ಲ. ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ಅನ್ನವು ಪ್ರಸಾದವೆನಿಸುತ್ತದೆ. ಹಂಚಿಕೊಂಡು ಉಂಡ ಅನ್ನವು ದಾಸೋಹವೆನಿಸುತ್ತದೆ. ಈ ಎರಡು ಮಾತುಗಳನ್ನು ಭಕ್ತರ ಮನೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಬೇಸಿಗೆಯ ರಜೆ ಬಂದು, ಬಂಧುಬಳಗ ಕೂಡಿದಾಗ, ಅದೇ ಮನೆಗಳ ಪಂಕ್ತಿಯು ಪ್ರಸಾದದ ಪಂಕ್ತಿಯಾಗಿ ಉಳಿಯುತ್ತದೆಯೋ ಅಥವಾ ಪ್ರತಿಷ್ಠೆಯ ಪಂಕ್ತಿಯಾಗುತ್ತದೆಯೋ ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಏಪ್ರಿಲ್, ಮೇ ತಿಂಗಳುಗಳು ಕೂಡುವಿಕೆಯ ಕಾಲ. ಮಕ್ಕಳ ಪರೀಕ್ಷೆಗಳು ಮುಗಿದಿರುತ್ತವೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ ಇರುತ್ತದೆ. ಜಾತ್ರೆ, ಮದುವೆ, ಗೃಹಪ್ರವೇಶಗಳು ಒಂದರ ಹಿಂದೆ ಒಂದು ಬರುತ್ತವೆ. ಇದೇ ಕಾಲದಲ್ಲಿ ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಅಂಥ ಕಾವಿನಲ್ಲಿ ಬೇಯಿಸಿದ ಅಡುಗೆಯು ಒಂದೆರಡು ಗಂಟೆ ಹೊರಗೆ ಉಳಿದರೂ ಅದರಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಹೀಗಿದ್ದರೂ ಎರಡು ಬಗೆಯ ಸಿಹಿ, ಮೂರು ಬಗೆಯ ಪಲ್ಯ, ಕರಿದ ತಿನಿಸು, ಚಿತ್ರಾನ್ನ, ಅನ್ನ, ಸಾರು ಎಂದು ಎಲೆ ತುಂಬದಿದ್ದರೆ ಮನೆತನದ ಮರ್ಯಾದೆ ಹೋದೀತೆಂಬ ಅಂಜಿಕೆ ಬೆಳೆದಿದೆ.

ಈ ಮರ್ಯಾದೆಯ ಬೆಲೆಯನ್ನು ತೆರುವವರು ಯಾರು? ಮೊದಲನೆಯದಾಗಿ, ಒಲೆಯ ಮುಂದೆ ನಿಂತ ತಾಯಂದಿರು. ವರುಷಕ್ಕೊಮ್ಮೆ ವಿಶ್ರಾಂತಿಗೆಂದು ತವರಿಗೆ ಬಂದ ಮಗಳು ಅಲ್ಲಿಯೂ ನಸುಕಿನಿಂದ ನಡುಮಧ್ಯಾಹ್ನದವರೆಗೆ ಹೊಗೆ, ಬೆವರುಗಳ ನಡುವೆ ನಿಲ್ಲುತ್ತಾಳೆ. ಪಡಸಾಲೆಯಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಎದ್ದ ಬಳಿಕ, ತಣ್ಣಗಾದ ಅನ್ನವು ಆಕೆಯ ಪಾಲಿಗೆ ಬರುತ್ತದೆ. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸದ ಶರಣರ ಹೆಸರಿನಲ್ಲಿ ನಡೆಯುವ ಹಬ್ಬದಲ್ಲಿಯೇ ಹೀಗಾದರೆ ಅದನ್ನು ದಾಸೋಹವೆನ್ನಲಾದೀತೆ?

ಎರಡನೆಯ ಬೆಲೆ ಕಣ್ಣಿಗೆ ಕಾಣುವಂಥದ್ದಲ್ಲ. ಉಳ್ಳವರ ಮನೆಯಲ್ಲಿ ಹತ್ತು ಪದಾರ್ಥಗಳನ್ನು ಉಂಡು ಬಂದ ಬಡ ಬಂಧುವು ತನ್ನ ಮನೆಗೆ ಅವರನ್ನು ಕರೆಯಲು ಹಿಂಜರಿಯುತ್ತಾನೆ. ಮರು ವರುಷ ಕರೆದರೂ ಯಾವುದೋ ನೆಪ ಹೇಳಿ ಬಾರದೆ ಉಳಿಯುತ್ತಾನೆ. ಜಗಳವಿಲ್ಲ, ಮುನಿಸಿಲ್ಲ, ಆದರೂ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಆಡಂಬರದ ಅಡುಗೆಯಿಂದಾಗುವ ದೊಡ್ಡ ನಷ್ಟವು ಹಣದ್ದಲ್ಲ, ನಂಟಿನದು.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಚರಿತ್ರೆಯು ಸ್ಮರಣೀಯವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದಳು. ಆಕೆಯ ಮನೆಯಲ್ಲಿಯೂ ಅತಿಥಿಗಳಿದ್ದರು, ಜಂಗಮರಿದ್ದರು. ಹೆಚ್ಚು ಅಕ್ಕಿಯಿದ್ದರೆ ಹೆಚ್ಚು ಬಡಿಸಬಹುದಾಗಿತ್ತು. ಆದರೂ ಆಕೆ ಅಂದಂದಿನ ಕಾಯಕದಿಂದ ಬಂದುದೆಷ್ಟೋ ಅಷ್ಟನ್ನೇ ದಾಸೋಹದ ಅಳತೆಯಾಗಿ ಇಟ್ಟುಕೊಂಡಳು. ಅತಿಥಿಯ ಕಣ್ಣಿಗೆ ಹೇಗೆ ಕಂಡೀತೆಂಬುದನ್ನು ಅಳತೆಯಾಗಿಸಿಕೊಳ್ಳಲಿಲ್ಲ. ಸಾಲ ಮಾಡಿ ಸಿಹಿ ಬಡಿಸುವವರು ಈ ಅಳತೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಸರಳತೆಯೆಂದರೆ ಜಿಪುಣತನವಲ್ಲವೇ, ವರುಷಕ್ಕೊಮ್ಮೆ ಬಂದ ಮಕ್ಕಳಿಗೆ ಬಗೆಬಗೆಯಾಗಿ ಮಾಡಿ ಉಣಿಸುವುದು ಅಜ್ಜಿಯ ಸಂತೋಷವಲ್ಲವೇ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಜಿಪುಣನು ಉಣ್ಣುವ ಬಾಯಿಗಳನ್ನು ಕಡಿಮೆ ಮಾಡುತ್ತಾನೆ. ಸರಳನು ಪದಾರ್ಥಗಳನ್ನು ಕಡಿಮೆ ಮಾಡಿ ಬಾಯಿಗಳನ್ನು ಹೆಚ್ಚಿಸುತ್ತಾನೆ. ಇದೇ ಇವರಿಬ್ಬರಿಗಿರುವ ಅಂತರ. ಅಜ್ಜಿಯ ಕೈಯ ಹೋಳಿಗೆ ಇರಲಿ; ಆದರೆ ಅಂದು ಹೋಳಿಗೆಯೊಂದೇ ಸಿಹಿಯಾಗಿರಲಿ. ಅದನ್ನು ಲಟ್ಟಿಸಲು ಮೊಮ್ಮಕ್ಕಳೂ ಅಳಿಯಂದಿರೂ ಜೊತೆಗೆ ಕುಳಿತರೆ ಅಜ್ಜಿಯ ಸಂತೋಷವು ಇಮ್ಮಡಿಯಾಗುತ್ತದೆಯೇ ಹೊರತು ಕುಂದುವುದಿಲ್ಲ.

ಹಿರಿಯರು ಬೇಸಿಗೆಗೆ ತಕ್ಕ ಊಟವನ್ನು ಆಗಲೇ ಕಂಡುಕೊಂಡಿದ್ದಾರೆ. ಮೊದಲೇ ಬಡಿದು ಒಣಗಿಸಿಟ್ಟ ಜೋಳದ ಕಡಕ್ ರೊಟ್ಟಿಯು ಹಲವು ದಿನ ಕೆಡದೆ ಉಳಿಯುತ್ತದೆ. ಅದರೊಡನೆ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಸೌತೆಕಾಯಿ ಇದ್ದರೆ ಒಲೆ ಹೊತ್ತಿಸದೆಯೇ ಒಂದು ಪಂಕ್ತಿ ಏಳುತ್ತದೆ. ಜೋಳದ ನುಚ್ಚು ಮಜ್ಜಿಗೆ, ರಾಗಿ ಅಂಬಲಿ, ಹೆಸರುಬೇಳೆಯ ಕೋಸಂಬರಿ, ಬೆಲ್ಲದ ಪಾನಕ ಇವೆಲ್ಲ ದೇಹಕ್ಕೆ ತಂಪು, ಕೈಗೆ ಹಗುರ. ಮಾವಿನ ಹಣ್ಣಿನ ಸೀಕರಣೆಯಿದ್ದರೆ ಬೇರೆ ಸಿಹಿಯ ಅಗತ್ಯವಿಲ್ಲ. ಬೇಯಿಸುವುದನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸಿ, ಬಡಿಸುವುದನ್ನೂ ಪಾತ್ರೆ ತೊಳೆಯುವುದನ್ನೂ ಗಂಡಸರು ವಹಿಸಿಕೊಂಡರೆ, ಅಡುಗೆ ಮಾಡಿದವರೂ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದುದು. ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ಹಿರಿಯರು ಅನೇಕ ಭಕ್ತರ ಮನೆಗಳಲ್ಲಿದ್ದರು. ಒಂದು ಅಗುಳೂ ಪ್ರಸಾದವೇ ಎಂಬ ನಂಬಿಕೆ ಅವರದಾಗಿತ್ತು. ಅಂಥವರ ಮೊಮ್ಮಕ್ಕಳ ಮನೆಯಲ್ಲಿ ಹಳಸಿದ ಪಲ್ಯವು ತಿಪ್ಪೆ ಸೇರುವುದು ಸಲ್ಲದು.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ಪ್ರಸಾದ ನಡೆಯುತ್ತದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪರಮಪೂಜ್ಯ ಡಾ. ಶಿವಕುಮಾರ ಸ್ವಾಮಿಗಳು ಬೆಳೆಸಿದ ಆ ದಾಸೋಹದ ಕೀರ್ತಿ ನಾಡಿನಾಚೆಗೂ ಹಬ್ಬಿದೆ. ಅಲ್ಲಿ ಉಂಡವರು ಪದಾರ್ಥಗಳ ಸಂಖ್ಯೆಯನ್ನು ನೆನೆಯುವುದಿಲ್ಲ. ಜಾತಿ, ಅಂತಸ್ತುಗಳನ್ನು ಕೇಳದೆ ಪಂಕ್ತಿಯಲ್ಲಿ ತಮಗೂ ಜಾಗ ಸಿಕ್ಕಿತೆಂಬುದನ್ನು ನೆನೆಯುತ್ತಾರೆ.

ಸದ್ಭಕ್ತರು ಈ ಬೇಸಿಗೆಯಲ್ಲಿ ಅಡುಗೆಯ ಪಟ್ಟಿಯಿಂದ ನಾಲ್ಕು ಪದಾರ್ಥಗಳನ್ನು ಬಿಡಲಿ. ಕರೆಯುವವರ ಪಟ್ಟಿಗೆ ಬಹುಕಾಲದಿಂದ ಬಾರದೆ ಉಳಿದ ಒಂದು ಮನೆಯನ್ನು ಸೇರಿಸಲಿ. ಆಗ ಮಾಡಿದ ಅಡುಗೆಯೂ ಸಲ್ಲುತ್ತದೆ, ನೀಡಿದ ಕೈಯೂ ಸಲ್ಲುತ್ತದೆ.