ಹಾಲು ಕರೆಯುವ ಹೊತ್ತು ನೋಡಿ ಹೃದಯದ ಚಿಕಿತ್ಸೆ ಆರಿಸಬೇಡಿ



ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎಂದು ಆಂಜಿಯೋಗ್ರಾಂನಲ್ಲಿ ಕಂಡರೆ ವೈದ್ಯರ ಮುಂದೆ ಮೂರು ದಾರಿ ಇರುತ್ತವೆ: ಔಷಧಿ, ಸ್ಟೆಂಟ್, ಬೈಪಾಸ್. ಆಗ ನಮ್ಮ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ, 'ಮನೆಗೆ ಯಾವಾಗ ಕಳಿಸ್ತೀರಿ?' ಹಸು ಕರೆಯುವವರು ಯಾರು, ಮೇವು ಹಾಕುವವರು ಯಾರು ಎಂಬ ಚಿಂತೆ. ಆ ಚಿಂತೆ ನಿಜವೇ. ಆದರೆ ತೀರ್ಮಾನ ಅದರ ಮೇಲೆ ನಿಲ್ಲಬಾರದು.

ಸ್ಟೆಂಟ್ ಎಂದರೆ ಕೈ ಅಥವಾ ತೊಡೆಯ ರಕ್ತನಾಳದಿಂದ ತೂರಿಸಿ, ಕಟ್ಟಿಕೊಂಡ ಜಾಗ ಅಗಲಿಸಿ ಇಡುವ ಸಣ್ಣ ಜಾಲರಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮನೆಗೆ ಬರಬಹುದು. ಬೈಪಾಸ್‌ನಲ್ಲಿ ಎದೆ ತೆರೆದು, ಕಾಲಿನ ಅಥವಾ ಎದೆಯೊಳಗಿನ ನಾಳ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡುತ್ತಾರೆ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಹಾಲಿನ ಕ್ಯಾನ್ ಎತ್ತುವಂತಿಲ್ಲ, ಹುಲ್ಲಿನ ಹೊರೆ ಹೊರುವಂತಿಲ್ಲ.

ಆದರೂ ಬೈಪಾಸೇ ಮೇಲು ಎನ್ನುವ ಸಂದರ್ಭಗಳಿವೆ. ಸಕ್ಕರೆ ಕಾಯಿಲೆಯ ಜೊತೆಗೆ ಒಂದಕ್ಕಿಂತ ಹೆಚ್ಚು ನಾಳ ಕಟ್ಟಿಕೊಂಡಿದ್ದ 1,900 ರೋಗಿಗಳ ಮೇಲೆ ನಡೆದ 'ಫ್ರೀಡಂ' ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂತು. ಐದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಗುರಿಯಾದವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ ಸುಮಾರು 27, ಬೈಪಾಸ್ ಗುಂಪಿನಲ್ಲಿ ಸುಮಾರು 19. ಪಾರ್ಶ್ವವಾಯು ಮಾತ್ರ ಬೈಪಾಸ್ ಆದವರಲ್ಲಿ ಹೆಚ್ಚಿತ್ತು.

ಹಾಗೆಂದು ಎಲ್ಲರಿಗೂ ಬೈಪಾಸ್ ಬೇಡ. ಒಂದೇ ನಾಳದ ತೊಂದರೆಗೆ ಸ್ಟೆಂಟ್ ಸಾಕಾಗಬಹುದು. ಕೆಲವರಿಗೆ ಮಾತ್ರೆ, ಪಥ್ಯವೇ ಸಾಕು. ಹೃದಯಾಘಾತವೇ ಆಗುತ್ತಿದ್ದರೆ ಚರ್ಚೆಗೆ ಸಮಯವಿಲ್ಲ, ಕೂಡಲೇ ಆಸ್ಪತ್ರೆ ಸೇರಿ.

ಅವಸರವಿಲ್ಲದಿದ್ದರೆ ಕೇಳಿ: ಎಷ್ಟು ನಾಳ ಕಟ್ಟಿವೆ? ಎಡಗಡೆಯ ಮುಖ್ಯ ನಾಳವೂ ಸೇರಿದೆಯೇ? ಹೃದಯದ ಬಲ ಎಷ್ಟಿದೆ? ನನ್ನ ಸಕ್ಕರೆ ಕಾಯಿಲೆಗೆ ಯಾವುದು ಹೊಂದುತ್ತದೆ? ಆಂಜಿಯೋಗ್ರಾಂ ಸಿಡಿ ಪಡೆದು ಬೈಪಾಸ್ ಮಾಡುವ ವೈದ್ಯರಿಗೂ ತೋರಿಸಿ. ಖರ್ಚಿನ ವಿಷಯಕ್ಕೆ, ಯಶಸ್ವಿನಿ ನೋಂದಣಿ ಆಗಿದೆಯೇ ಎಂದು ಸಂಘದಲ್ಲಿ ಇಂದೇ ವಿಚಾರಿಸಿ.

ಉಳಿದದ್ದು ಹಸುವಿನ ಪ್ರಶ್ನೆ. ನಾಟಿಗೆ, ಕಳೆಗೆ ಮುಯ್ಯಾಳು ಹೋಗುವ ನಾವು, ಆಪರೇಷನ್ ಆದ ನೆರೆಮನೆಯವಳ ಹಸುವನ್ನು ಎರಡು ತಿಂಗಳು ಸರದಿಯಲ್ಲಿ ಕರೆಯಲಾರೆವೇ? ಮನೆಯ ಗಂಡಸರೂ ಕೆಚ್ಚಲಿಗೆ ಕೈ ಹಾಕಲಿ. ಈ ಮಾತನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎತ್ತಿ.