ರೋಕಾ ಬರೀ ಸೋತ ಕೋಚ್ ಅಲ್ಲ

ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದ ದಿನ ನಮ್ಮ ಪಿ.ಜಿ.ಯಲ್ಲಿ ಒಂದು ಜಗಳ ಖಾಯಂ. ಈ ಕ್ಲಬ್ ಕಂಡ ದೊಡ್ಡ ಕೋಚ್ ಯಾರು? ನನ್ನ ರೂಮ್‌ಮೇಟ್‌ದು ಒಂದೇ ಮಾತು: 'ಆ್ಯಶ್ಲಿ ವೆಸ್ಟ್‌ವುಡ್ ಎರಡು ಐ–ಲೀಗ್ ಗೆದ್ದುಕೊಟ್ಟರು. ಕಾರ್ಲೆಸ್ ಕ್ವಾಡ್ರಾಟ್ ಐಎಸ್‌ಎಲ್ ಕಪ್ ತಂದರು. ಮಧ್ಯೆ ಬಂದ ನಿನ್ನ ಆಲ್ಬರ್ಟ್ ರೋಕಾ? ಎರಡು ದೊಡ್ಡ ಫೈನಲ್ ಸೋತರು, ಅಷ್ಟೇ.'

ಈ 'ಅಷ್ಟೇ' ಇದೆಯಲ್ಲ, ಅದಕ್ಕೇ ನನ್ನ ತಕರಾರು. 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್ ಗೆದ್ದದ್ದು ರೋಕಾ ಕಾಲದಲ್ಲೇ. ಅದನ್ನೂ ಬಿಡಿ. ಅವರು ಆಟವನ್ನೇ ಬದಲಿಸಿದರು.

ವೆಸ್ಟ್‌ವುಡ್ ತಂಡ ಓಡುವ, ಗುದ್ದಾಡುವ, ಚೆಂಡನ್ನು ಬೇಗ ಮುಂದಕ್ಕೆ ದಾಟಿಸುವ ತಂಡ. 2016ರಲ್ಲಿ ಬಂದ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಗೋಲಿ ಚೆಂಡನ್ನು ಎತ್ತಿ ಒದೆಯುವ ಬದಲು ಪಕ್ಕದ ಡಿಫೆಂಡರ್‌ಗೆ ಕೊಡತೊಡಗಿದ. ಎದುರಾಳಿ ಮೈಮೇಲೆ ಬಂದರೂ ಸಣ್ಣ ಪಾಸ್. ಗ್ಯಾಲರಿಯಲ್ಲಿ ನಮ್ಮ ಎದೆ ಢವಢವ. 'ಹೊಡೀರೋ ಮುಂದಕ್ಕೆ!' ಎಂದು ನಾನೂ ಕೂಗಿದವನೇ.

ಆಮೇಲೆ ಆ ಅಕ್ಟೋಬರ್ ಬಂತು. ಎಎಫ್‌ಸಿ ಕಪ್ ಸೆಮಿಫೈನಲ್, ಕಂಠೀರವದಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ಎದುರು. ಮೊದಲು ಗೋಲು ಬಿಟ್ಟುಕೊಟ್ಟರೂ ಗಾಬರಿಯಾಗದೆ 3–1ರಿಂದ ಗೆದ್ದೆವು. ಚೆಟ್ರಿ ಎರಡು, ಹುವಾನನ್ ಒಂದು. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಗುಂಪು ಹಂತ ದಾಟಿಸಿದ್ದು ವೆಸ್ಟ್‌ವುಡ್, ಅದನ್ನು ಮುಚ್ಚಿಡುವುದಿಲ್ಲ. ಆದರೆ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್‌ಗೆ 1–0ಯಿಂದ ಸೋತದ್ದು ಮಾತ್ರ ರೋಕಾ ಖಾತೆಗೆ!

ನಾಲ್ಕು ರೌಂಡ್ ಪಾಸಾಗಿ ಕೊನೆಯ ಎಚ್‌ಆರ್ ರೌಂಡ್‌ನಲ್ಲಿ ಬಿದ್ದವರಿಗೆ ಈ ಸಂಕಟ ಗೊತ್ತು. ನಾನು ಎರಡು ಸಲ ಬಿದ್ದಿದ್ದೇನೆ. ಊರಿಗೆ ಹೋದರೆ ಎಲ್ಲರೂ ಕೇಳುವುದು 'ಆಯ್ತಾ, ಇಲ್ವಾ' ಅಷ್ಟೇ.

ಹಾಗಂತ ರೋಕಾ ತಪ್ಪೇ ಮಾಡಲಿಲ್ಲ ಎನ್ನಲಾರೆ. 2017–18ರ ಐಎಸ್‌ಎಲ್‌ನಲ್ಲಿ 18 ಪಂದ್ಯಗಳಿಂದ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಹೆಚ್ಚು. 2018ರ ಮಾರ್ಚ್ 17ರಂದು ಅದೇ ಚೆನ್ನೈಯಿನ್ ನಮ್ಮ ಮೈದಾನದಲ್ಲೇ 3–2ರಿಂದ ಫೈನಲ್ ಗೆದ್ದಿತು. ಅದರಲ್ಲಿ ಎರಡು ಗೋಲು ಕಾರ್ನರ್‌ನಿಂದ, ಎರಡೂ ಮೈಲ್ಸನ್ ಆಲ್ವೆಸ್ ತಲೆಯಿಂದ. ಅಷ್ಟು ಚೆಂದದ ಪಾಸಿಂಗ್ ಕಲಿಸಿದವರು ಕಾರ್ನರ್‌ನಲ್ಲಿ ಒಬ್ಬನನ್ನು ಹಿಡಿದಿಡಲು ಕಲಿಸಬೇಕಿತ್ತು. ಇಲ್ಲಿ ರೂಮ್‌ಮೇಟ್ ಗೆಲ್ಲುತ್ತಾನೆ, ನಾನು ಸುಮ್ಮನಾಗುತ್ತೇನೆ.

ಆದರೆ ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಗೋವಾ ವಿರುದ್ಧ ಕಪ್ ಗೆದ್ದ ಗೋಲು ನೆನಪಿದೆಯಾ? ಹೆಚ್ಚುವರಿ ಅವಧಿ, ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್. ಇಬ್ಬರೂ ರೋಕಾ ಇದ್ದಾಗ 2017ರಲ್ಲಿ ತಂಡಕ್ಕೆ ಬಂದವರು. ಕೋಚ್ ಕ್ವಾಡ್ರಾಟ್ ಕೂಡ ಅದಕ್ಕೂ ಮೊದಲು ರೋಕಾ ಸಹಾಯಕರೇ. ಇದನ್ನು ಹೇಳಿದರೆ ರೂಮ್‌ಮೇಟ್ ದಿಂಬು ಎಸೆಯುತ್ತಾನೆ, ಅದೂ ಸಣ್ಣ ಪಾಸ್ ಅಲ್ಲ.