ತೋಬಾ: ಬೂದಿ, ಧೂಪ, ಅಕ್ಷರ

ಜ್ವಾಲಾಪುರವು ನಮ್ಮ ಆದವಾನಿ ಸೀಮೆಗೆ ಬಹಳ ದೂರದ ಊರೇನೂ ಅಲ್ಲ. ಮೊದಲು ಕರ್ನೂಲು ಜಿಲ್ಲೆಯಲ್ಲಿದ್ದು 2022ರಲ್ಲಿ ನಂದ್ಯಾಲ ಜಿಲ್ಲೆಗೆ ಸೇರಿದ ಈ ಹಳ್ಳಿಯ ಸುತ್ತಣ ಜುರ್ರೇರು ಕಣಿವೆಯಲ್ಲಿ, ಮಣ್ಣಿನ ಪದರಗಳ ನಡುವೆ ನಸುಬಿಳುಪಾದ ಬೂದಿಯ ದಪ್ಪ ಪದರವೊಂದಿದೆ. ಅದು ಒಲೆಯ ಬೂದಿಯಲ್ಲ, ಕಾಳ್ಗಿಚ್ಚಿನದೂ ಅಲ್ಲ. ಸುಮಾರು 74,000 ವರ್ಷಗಳ ಹಿಂದೆ, ಇಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆ, ಸುಮಾತ್ರ ದ್ವೀಪದಲ್ಲಿ ಸಿಡಿದ ಜ್ವಾಲಾಮುಖಿಯಿಂದ ಹಾರಿಬಂದ ಬೂದಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರಿದ್ದ ತಂಡವು ಈ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳನ್ನು ಗುರುತಿಸಿ, 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಆ ಮಹಾಸ್ಫೋಟದ ನಂತರವೂ ಇಲ್ಲಿ ಮನುಷ್ಯರು ಬದುಕಿ ಉಳಿದಿದ್ದರೆಂಬುದು ಅವರ ವಾದ.

ಸಿಡಿದ ಆ ಸ್ಥಳವೇ ಇಂದಿನ ತೋಬಾ ಸರೋವರ. ಭೂಗರ್ಭದ ಶಿಲಾರಸವೆಲ್ಲ ಹೊರಚಿಮ್ಮಿದ ಮೇಲೆ ಮೇಲಿನ ನೆಲ ಆಧಾರವಿಲ್ಲದೆ ಕುಸಿಯಿತು; ಆ ತಗ್ಗಿನಲ್ಲಿ ಕಾಲಾಂತರದಲ್ಲಿ ನೀರು ತುಂಬಿತು. ಉದ್ದ ಸುಮಾರು 100 ಕಿಲೋಮೀಟರು, ಅಗಲ 30, ಅತ್ಯಂತ ಆಳವಾದೆಡೆ 500 ಮೀಟರಿಗೂ ಹೆಚ್ಚು. ಜಗತ್ತಿನ ಜ್ವಾಲಾಮುಖಿ ಸರೋವರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಕುಸಿದ ತಳವನ್ನು ಒಳಗಿನ ಶಿಲಾರಸ ಮತ್ತೆ ಮೇಲಕ್ಕೆ ಒತ್ತಿದ್ದರಿಂದ ನಡುನೀರಿನಲ್ಲಿ ಸಮೋಸಿರ್ ದ್ವೀಪ ಮೂಡಿತು. ಉತ್ತರದ ಅಂಚಿನಲ್ಲಿ ಸಿಪಿಸೋಪಿಸೋ ಜಲಪಾತ ನೂರು ಮೀಟರಿಗೂ ಎತ್ತರದಿಂದ ಧುಮುಕುತ್ತದೆ. ಯುನೆಸ್ಕೋ 2020ರಲ್ಲಿ ಈ ಪ್ರದೇಶವನ್ನು ಜಾಗತಿಕ ಭೂಉದ್ಯಾನಗಳ ಪಟ್ಟಿಗೆ ಸೇರಿಸಿದೆ.

ದಡದಲ್ಲಿ ವಾಸಿಸುವವರು ಬಟಾಕ್ ಜನ. ಪರಾಪತ್ ಪಟ್ಟಣದಿಂದ ದೋಣಿಯೇರಿ ಸಮೋಸಿರ್ ತಲುಪುವ ಪ್ರವಾಸಿಗರು ತೋಮೋಕ್‌ನ ರಾಜಸಮಾಧಿಗಳನ್ನೂ, ತಡಿಯಂತೆ ನಡು ಬಾಗಿದ ಎತ್ತರದ ಸೂರಿನ ಮರದ ಮನೆಗಳನ್ನೂ ನೋಡುತ್ತಾರೆ. ವಕೀಲ ವೃತ್ತಿಯವನಾದ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಅಂಬರಿತಾದ ಕಲ್ಲಿನ ಆಸನಗಳು. ದೊಡ್ಡ ಮರದ ನೆರಳಿನಲ್ಲಿ ಕಲ್ಲಿನ ಮೇಜಿನ ಸುತ್ತ ಜೋಡಿಸಿದ ಈ ಕುರ್ಚಿಗಳಲ್ಲಿ ಕುಳಿತು ಊರ ಮುಖಂಡರು ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಅವರ ಸಮಾಜದ ಕಟ್ಟಳೆಯ ಹೆಸರು ‘ದಲಿಹಾನ್ ನಾ ತೋಲು’. ಎಂದರೆ ಮೂರು ಒಲೆಗುಂಡು. ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ, ಸ್ವಂತ ಕುಲ: ಈ ಮೂರರಲ್ಲಿ ಒಂದು ಜರುಗಿದರೂ ಮಡಕೆ ನಿಲ್ಲದು. ಇದರ ಅರ್ಥವನ್ನು ನಮ್ಮ ಮನೆಗಳ ಅಜ್ಜಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೂದಿ ಗಾಳಿಯಲ್ಲಿ ಬಂದರೆ, ಧೂಪ ಹಡಗಿನಲ್ಲಿ ಬಂದಿತು. ಸರೋವರದ ಸುತ್ತಣ ಬೆಟ್ಟಗಳಲ್ಲಿ ಒಂದು ಜಾತಿಯ ಮರದ ತೊಗಟೆಗೆ ಗಾಯ ಮಾಡಿ, ಒಸರಿ ಗಟ್ಟಿಯಾದ ಅಂಟನ್ನು ತಿಂಗಳುಗಳ ನಂತರ ಕೆರೆದು ತೆಗೆಯುತ್ತಾರೆ. ನಮ್ಮಲ್ಲಿ ಸಾಂಬ್ರಾಣಿ, ಲೋಬಾನ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಂಟುಗಳಲ್ಲಿ ಇದೂ ಒಂದು. ಪಶ್ಚಿಮ ಕರಾವಳಿಯ ಬರೂಸ್ ರೇವು ಕರ್ಪೂರಕ್ಕೂ ಈ ಅಂಟಿಗೂ ಹೆಸರಾಗಿತ್ತು. ಅದರ ಸಮೀಪದ ಲೋಬು ತುವಾದಲ್ಲಿ ದೊರೆತ, ಶಕ 1010ರ, ಅಂದರೆ ಕ್ರಿ.ಶ. 1088ರ ತಮಿಳು ಶಾಸನವು ಐನೂರ್ವರ ವರ್ತಕ ಸಂಘವನ್ನು ಹೆಸರಿಸುತ್ತದೆ. ಕನ್ನಡ ಶಾಸನಗಳು ‘ಅಯ್ಯಾವೊಳೆ ಐನೂರ್ವರು’ ಎಂದು ಕರೆಯುವ, ಐಹೊಳೆಯ ಹೆಸರು ಹೊತ್ತ ಸಂಘವೇ ಅದು.

ಆ ಮರಗಳ ಕಾಡು ಯಾರದು? ಈ ಪ್ರಶ್ನೆ ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಸರೋವರದ ನೈಋತ್ಯದ ಪಂಡುಮಾನ್ ಮತ್ತು ಸಿಪಿತುಹುತಾ ಹಳ್ಳಿಗಳವರು ತಲೆಮಾರುಗಳಿಂದ ಅಂಟು ತೆಗೆಯುತ್ತಿದ್ದ ಕಾಡನ್ನು ಸರ್ಕಾರ ತನ್ನದೆಂದು ಎಣಿಸಿ, ಕಾಗದದ ತಿರುಳು ತಯಾರಿಸುವ ಕಂಪನಿಗೆ ಪರವಾನಗಿ ಕೊಟ್ಟಿತ್ತು. ಮರಗಳು ಉರುಳತೊಡಗಿದಾಗ ಹಳ್ಳಿಗರು ಅಡ್ಡ ನಿಂತರು, ಹೆಂಗಸರು ಮುಂದಿದ್ದರು, ಬಂಧನಗಳೂ ನಡೆದವು. 2013ರ ಮೇ ತಿಂಗಳಲ್ಲಿ, ದೇಶದ ರೂಢಿಗತ ಸಮುದಾಯಗಳ ಪರವಾದ ಅರ್ಜಿಯೊಂದರ ಮೇಲೆ, ಇಂಡೊನೇಷ್ಯದ ಸಂವಿಧಾನ ನ್ಯಾಯಾಲಯವು ‘ಅದತ್’ ಅರಣ್ಯಗಳು ಸರ್ಕಾರಿ ಅರಣ್ಯಗಳಲ್ಲವೆಂದು ತೀರ್ಪಿತ್ತಿತು. ಅದತ್ ಎಂದರೆ ರೂಢಿ. ನಮ್ಮ ಸೀಮೆಯ ಉರ್ದು ಮಾತಿನ ‘ಆದತ್’ ಅದರ ದಾಯಾದಿ ಪದ. 2016ರ ಕೊನೆಯಲ್ಲಿ ಅಧ್ಯಕ್ಷ ಜೋಕೋ ವಿಡೋಡೊ ಮೊದಲ ಬಾರಿಗೆ ಒಂಬತ್ತು ಸಮುದಾಯಗಳ ಕಾಡುಗಳಿಗೆ ಮನ್ನಣೆ ನೀಡಿದಾಗ, ಈ ಎರಡು ಹಳ್ಳಿಗಳ ಹೆಸರೂ ಅದರಲ್ಲಿತ್ತು. ತೀರ್ಪಿಗೂ ಮನ್ನಣೆಗೂ ನಡುವೆ ಮೂರೂವರೆ ವರ್ಷ ಕಳೆದಿತ್ತೆಂಬುದನ್ನು ಗಮನಿಸಬೇಕು. ಕಾನೂನು ಹಕ್ಕನ್ನು ಒಪ್ಪಬಲ್ಲದು. ಅಷ್ಟರವರೆಗೆ ಆ ಹಕ್ಕನ್ನು ಬಳಕೆಯಲ್ಲಿ ಜೀವಂತವಾಗಿ ಇರಿಸಿಕೊಂಡವರು ಅಂಟು ತೆಗೆಯುವ ಜನರೇ.

ಇನ್ನು ಅಕ್ಷರ. ಬಟಾಕರಿಗೆ ಸ್ವಂತ ಲಿಪಿಯಿದೆ. ಅದೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತತಿ. ಅಲ್ಲಿಯೂ ಪ್ರತಿ ವ್ಯಂಜನದೊಳಗೆ ಅಕಾರ ಅಡಗಿದೆ. ಮರದ ತೊಗಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ‘ದಾತು’ ಎಂಬ ವೈದ್ಯ-ಪುರೋಹಿತರು ಮದ್ದು, ಶಕುನ, ಪಂಚಾಂಗಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. ಆ ಗ್ರಂಥದ ಹೆಸರು ‘ಪುಸ್ತಹಾ’. ಅವರ ವಾರದ ದಿನಗಳು ಇವು: ಅರ್ತಿಯಾ, ಸುಮಾ, ಅಂಗ್ಗಾರಾ, ಮುಡಾ, ಬೊರಸ್ಪತಿ, ಸಿಂಗ್ಕೊರಾ, ಸಮಿಸಾರಾ. ಪಾಲಕರು ಈ ಏಳನ್ನೂ ಮಕ್ಕಳಿಂದ ಕನ್ನಡದಲ್ಲಿ ಬರೆಯಿಸಿ, ಎದುರಿಗೆ ಆದಿತ್ಯನಿಂದ ಶನೈಶ್ಚರನವರೆಗಿನ ಹೆಸರುಗಳನ್ನು ಹೊಂದಿಸಲು ಹೇಳಬೇಕೆಂದು ನನ್ನ ವಿನಂತಿ.

ಇಂದು ಬಟಾಕ್ ಭಾಷೆ ಮನೆಗಳಲ್ಲಿಯೂ ಹಾಡುಗಳಲ್ಲಿಯೂ ಗಟ್ಟಿಯಾಗಿದೆ. ಬರವಣಿಗೆ ಮಾತ್ರ ಬಹುಮಟ್ಟಿಗೆ ಲ್ಯಾಟಿನ್ ಲಿಪಿಗೆ ಹೋಗಿದೆ. ಹಳೆಯ ಪುಸ್ತಹಾಗಳಲ್ಲಿ ಅನೇಕವು ಯುರೋಪಿನ ಸಂಗ್ರಹಾಲಯಗಳಲ್ಲಿವೆ. ಸರೋವರದ ಸೀಮೆಯಲ್ಲಿ ಆ ಅಕ್ಷರಗಳು ನಾಮಫಲಕಗಳ ಮೇಲೆ, ಅಲಂಕಾರದಲ್ಲಿ ಕಾಣುತ್ತವೆ. ಆದರೆ ಪತ್ರ ಬರೆಯಲು, ಲೆಕ್ಕ ಇಡಲು ಅವನ್ನು ಬಳಸುವವರು ವಿರಳ. ಇಂಡೊನೇಷ್ಯದ ಸಂವಿಧಾನದ 32ನೆಯ ವಿಧಿಯು ಪ್ರಾದೇಶಿಕ ಭಾಷೆಗಳನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಗೌರವಿಸಿ ಪೋಷಿಸುವುದಾಗಿ ಹೇಳುತ್ತದೆ. ನಮ್ಮ ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯವನ್ನು ಕುರಿತು ಹೇಳುತ್ತದೆ. ಎರಡೂ ಒಳ್ಳೆಯ ಮಾತುಗಳು. ಆದರೆ ಕಾಡಿನ ಹಕ್ಕಿಗೆ ಅಂಟು ತೆಗೆಯುವ ಕೈಗಳು ಹೇಗೆ ಸಾಕ್ಷಿಯೋ, ಲಿಪಿಯ ಹಕ್ಕಿಗೆ ಬರೆಯುವ ಕೈಗಳು ಹಾಗೆಯೇ ಸಾಕ್ಷಿ. ಬರುವ ಜೂನ್‌ನಲ್ಲಿ ಒಂದನೆಯ ತರಗತಿಯ ದಾಖಲಾತಿ ಪುಸ್ತಕ ತೆರೆಯುವಾಗ ಈ ಮಾತು ನಮ್ಮ ಮನೆಗಳಲ್ಲಿ ನೆನಪಿರಲಿ.